ಎದುರು ಮನೆಯವರ ಪುದೀನ ಚಹಾಕ್ಕೆ "ಸಕ್ಕರೆ ಬೇಡ" ಅಂದೆ, ತಪ್ಪಾಯಿತಾ?

ಶಿರಸಿ ಸೀಮೆ
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯವರ ಕೆಲಸದಿಂದಾಗಿ ಮೊರಾಕ್ಕೊದ ಕಾಸಾಬ್ಲಾಂಕಾಕ್ಕೆ ಬಂದು ಎಂಟು ತಿಂಗಳಾಯಿತು. ಮೊನ್ನೆ ಶುಕ್ರವಾರ ನಡೆದ ಒಂದು ಸಂಗತಿ ಮನಸ್ಸಿನಿಂದ ಹೋಗುತ್ತಲೇ ಇಲ್ಲ. ಮೊರಾಕ್ಕೊ ಬಲ್ಲವರು ಯಾರಾದರೂ ಇದ್ದರೆ ಹೇಳಿ.

ಎದುರು ಮನೆಯ ಅಜ್ಜಿ ಊಟಕ್ಕೆ ಕರೆದಿದ್ದರು. ಶುಕ್ರವಾರ ಅಂದರೆ ಇಲ್ಲಿ ಮನೆಮನೆಯಲ್ಲೂ ರವೆಯ ಸಣ್ಣ ಕಾಳನ್ನು ಹಬೆಯಲ್ಲಿ ಬೇಯಿಸಿ ಮಾಡುವ ಕುಸ್‌ಕುಸ್. ನಾವು ಮಾಂಸ ತಿನ್ನುವುದಿಲ್ಲ ಅಂತ ನೆನಪಿಟ್ಟುಕೊಂಡು, ನಮಗಾಗಿ ಬೇರೆ ಪಾತ್ರೆಯಲ್ಲಿ ಬರೀ ಸಿಹಿಗುಂಬಳ, ಕ್ಯಾರೆಟ್, ಕಡಲೆ ಹಾಕಿ ಬೇಯಿಸಿದ್ದರು. ಊಟ ಮುಗಿಯಿತು. ಅಜ್ಜಿಯ ದೊಡ್ಡ ಮಗ ಕಾಲಿರುವ ದೊಡ್ಡ ತಟ್ಟೆ ತಂದು, ನಮ್ಮೆದುರೇ ಕೂತು ಪುದೀನ ಚಹಾ ಮಾಡತೊಡಗಿದರು. ಇಲ್ಲಿ ಅದಕ್ಕೆ ಅತಾಯ್ ಅನ್ನುತ್ತಾರೆ. ಸಕ್ಕರೆಯ ಒಂದು ದೊಡ್ಡ ಗಟ್ಟಿ ಕೈಗೆತ್ತಿಕೊಂಡು ಕೆಟಲ್‌ಗೆ ಇನ್ನೇನು ಹಾಕಬೇಕು, ನಾನು "ಬ್ಲಾ ಸುಕ್ಕರ್" ಅಂದುಬಿಟ್ಟೆ. ಸಕ್ಕರೆ ಬೇಡ ಅಂತ. ಹೋದ ವರ್ಷ ರಕ್ತ ಪರೀಕ್ಷೆ ಮಾಡಿಸಿದಾಗ ಡಾಕ್ಟರ್ ಎಚ್ಚರಿಕೆ ಹೇಳಿದ್ದರು, ಆಗಿನಿಂದ ಮನೆಯಲ್ಲೂ ಸಕ್ಕರೆ ಬಿಟ್ಟಿದ್ದೇನೆ.

ಅವರ ಕೈ ಅಲ್ಲೇ ನಿಂತಿತು. ಮಗ ಅಜ್ಜಿಯ ಮುಖ ನೋಡಿದರು. ಅಜ್ಜಿ ತಲೆ ತಗ್ಗಿಸಿದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ನನಗೆ ಬೇರೆ ಲೋಟದಲ್ಲಿ ಸಪ್ಪೆ ಚಹಾ ಕೊಟ್ಟರು. ನಗುನಗುತ್ತಲೇ ಬೀಳ್ಕೊಟ್ಟರು. ಆದರೆ ಆ ಮೌನ ನನ್ನನ್ನು ಕೊರೆಯುತ್ತಿದೆ.

ಇನ್ನೊಂದು ಪ್ರಶ್ನೆ. ಮನೆಯಲ್ಲಿ ನಾನೇ ಮಾಡಿದರೆ ಕಹಿ ಕಹಿ ಆಗುತ್ತದೆ. ಅದೇ ಎಲೆ, ಅದೇ ಪುದೀನ. ಎಲ್ಲಿ ತಪ್ಪುತ್ತಿದೆ?

ಹುಬ್ಬಳ್ಳಿ ಚಾದಂಗಡಿ
ಅಕ್ಕಾ, ನಿಮ್ಮದೇನೂ ತಪ್ಪಿಲ್ಲ. ಆರೋಗ್ಯ ಮೊದಲು. ಅಷ್ಟಕ್ಕೇ ಬೇಜಾರು ಮಾಡಿಕೊಂಡರೆ ಅದು ಅವರಿಗೆ ಬಿಟ್ಟಿದ್ದು.

ರಬಾತ್ ರಾಯರು
ಹುಬ್ಬಳ್ಳಿಯವರೇ, ಅಷ್ಟು ಸುಲಭಕ್ಕೆ ತಳ್ಳಿಹಾಕಬೇಡಿ. ನಾನು ಹನ್ನೆರಡು ವರ್ಷದಿಂದ ಮೊರಾಕ್ಕೊದ ರಾಜಧಾನಿ ರಬಾತ್‌ನಲ್ಲಿದ್ದೇನೆ. ಇಲ್ಲಿ ಸಕ್ಕರೆ ಬರೀ ಸಿಹಿ ಅಲ್ಲ, ಮರ್ಯಾದೆ.

ಅಕ್ಕ ನೋಡಿದ ಆ ಗಟ್ಟಿ ಇದೆಯಲ್ಲ, ಅದು ಇಡೀ ಸಕ್ಕರೆ ಗೋಪುರದಿಂದ ಒಡೆದ ಚೂರು. ಎರಡು ಕಿಲೋ ತೂಗುವ ಶಂಕುವಿನಾಕಾರದ ಸಕ್ಕರೆ, ನೀಲಿಯೋ ನೇರಳೆಯೋ ಕಾಗದ ಸುತ್ತಿರುತ್ತದೆ. ಅಂಗಡಿಯಲ್ಲಿ ಸಾಲಾಗಿ ನಿಲ್ಲಿಸಿರುತ್ತಾರೆ. ಮದುವೆ ಮಾತುಕತೆಗೆ ಹೋಗುವಾಗ ಅದನ್ನು ಒಯ್ಯುತ್ತಾರೆ. ಮಗು ಹುಟ್ಟಿದ ಮನೆಗೆ ಒಯ್ಯುತ್ತಾರೆ. ಸಾವಾದ ಮನೆಗೂ ಒಯ್ಯುತ್ತಾರೆ. ಮೊದಲ ಸಲ ನೋಡಿದಾಗ ನನಗೆ ಗಾಬರಿಯಾಗಿತ್ತು, ಸಾವಿನ ಮನೆಗೆ ಸಿಹಿಯಾ ಅಂತ. ಆದರೆ ಬಂದವರಿಗೆಲ್ಲ ಚಹಾ ಮಾಡಬೇಕಲ್ಲ, ಆ ಮನೆಯವರ ಹೊರೆ ಇಳಿಸುವುದೂ ಅದರಲ್ಲಿದೆ.

ಮತ್ತೊಂದು ವಿಷಯ. ಸಕ್ಕರೆ ಹಾಕುವುದು ಲೋಟಕ್ಕಲ್ಲ, ಕೆಟಲ್‌ಗೆ. ಒಂದೇ ಕೆಟಲ್, ಎಲ್ಲರಿಗೂ ಒಂದೇ ಚಹಾ. ಒಬ್ಬರು ಬೇಡ ಅಂದರೆ ಇಡೀ ಕೆಟಲ್‌ನ ಲೆಕ್ಕ ತಪ್ಪುತ್ತದೆ. ಮೊದಲೇ ಅಜ್ಜಿಯ ಕಿವಿಯಲ್ಲಿ ಹೇಳಬೇಕಿತ್ತು ಅಂತ ನನಗನ್ನಿಸುತ್ತದೆ. ಅವರಿಗೆ ನೋವಾಗಿರುತ್ತದೆ.

ಮಂಡ್ಯದ ಗಾಣ
ಸಾವಿನ ಮನೆಗೆ ಸಕ್ಕರೆ ಒಯ್ಯುವುದು ಕೇಳಿ ಮೈ ಜುಮ್ಮೆಂದಿತು. ನಮ್ಮಲ್ಲಿ ಸಕ್ಕರೆ ಅಂದರೆ ಸಂಕ್ರಾಂತಿಯ ಸಕ್ಕರೆ ಅಚ್ಚು, ಎಳ್ಳು-ಬೆಲ್ಲ. ಶುಭಕ್ಕೆ ಮಾತ್ರ.

ರಾಯರೇ, ಆ ಗೋಪುರ ಹೇಗೆ ಮಾಡುತ್ತಾರೆ? ನಮ್ಮ ಆಲೆಮನೆಯಲ್ಲಿ ಪಾಕ ಮರದ ಅಚ್ಚಿಗೆ ಹೊಯ್ದ ಹಾಗೆಯಾ?

ರಬಾತ್ ರಾಯರು
ಹೆಚ್ಚು ಕಡಿಮೆ ಹಾಗೇ. ಹಿಂದಿನ ಕಾಲದಲ್ಲಿ ಬಿಸಿ ಪಾಕವನ್ನು ತಲೆಕೆಳಗಾದ ಶಂಕುವಿನ ಅಚ್ಚಿಗೆ ಹೊಯ್ಯುತ್ತಿದ್ದರು. ತುದಿಯಲ್ಲಿ ಸಣ್ಣ ತೂತು. ಕಾಕಂಬಿ ಅದರಿಂದ ತೊಟ್ಟಿಕ್ಕಿ ಹೋಗುತ್ತದೆ, ಬಿಳಿ ಸಕ್ಕರೆ ಗಟ್ಟಿಯಾಗಿ ಉಳಿಯುತ್ತದೆ. ಈಗ ಕಾರ್ಖಾನೆಯ ಕೆಲಸ, ಆಕಾರ ಮಾತ್ರ ಹಳೆಯದೇ. ಒಡೆಯಲು ಹಿತ್ತಾಳೆಯ ಪುಟ್ಟ ಸುತ್ತಿಗೆ ಇರುತ್ತದೆ. ಆ ಸದ್ದು ಕೇಳಿದರೆ ಪಕ್ಕದ ಮನೆಯವರಿಗೂ ನೆಂಟರು ಬಂದಿದ್ದಾರೆ ಅಂತ ಗೊತ್ತಾಗುತ್ತದೆ.

ಬೆಂಗಳೂರು ಬಾಲ್ಕನಿ
ಈ ಪುದೀನ ಚಹಾ ಅರಬ್ಬರ ಸಾವಿರಾರು ವರ್ಷದ ಪದ್ಧತಿ ಅಂತ ಎಲ್ಲೋ ಓದಿದ್ದೆ. ಅಷ್ಟು ಹಳೆಯ ಆಚಾರವನ್ನು ನಾವು ಬದಲಾಯಿಸಿ ಅನ್ನುವುದು ಸರಿಯಲ್ಲ.

ಚರಿತ್ರೆ ಮೇಷ್ಟ್ರು
ಸಾವಿರಾರು ವರ್ಷ ಅಲ್ಲ. ಇಲ್ಲಿ ತಿದ್ದಲೇಬೇಕು.

ಮೊರಾಕ್ಕೊಗೆ ಚಹಾ ಬಂದದ್ದು ಹದಿನೆಂಟನೇ ಶತಮಾನದ ಹೊತ್ತಿಗೆ. ಮೊದಮೊದಲು ಅದು ಸುಲ್ತಾನರಿಗೆ ಯುರೋಪಿನವರು ಕೊಡುವ ಉಡುಗೊರೆ. ಅರಮನೆ ಬಿಟ್ಟು ಹೊರಗೆ ಹೆಚ್ಚಾಗಿ ಬರಲಿಲ್ಲ. ಜನಸಾಮಾನ್ಯರ ಮನೆಗೆ ಬರತೊಡಗಿದ್ದು 1853ರಿಂದ 56ರವರೆಗೆ ಬ್ರಿಟನ್ನೂ ಸೇರಿ ಹಲವು ದೇಶಗಳು ರಷ್ಯಾದ ವಿರುದ್ಧ ನಡೆಸಿದ ಕ್ರಿಮಿಯಾ ಯುದ್ಧದ ಕಾಲದಲ್ಲಿ. ಆಗ ಬ್ರಿಟಿಷ್ ವ್ಯಾಪಾರಿಗಳಿಗೆ ಬಾಲ್ಟಿಕ್ ಸಮುದ್ರದ ಕಡೆಯ ಮಾರುಕಟ್ಟೆ ಮುಚ್ಚಿತು. ಮಾರಾಟವಾಗದೆ ಉಳಿದ ಚೀನಾದ ಗ್ರೀನ್ ಟೀಯನ್ನು ಟಾಂಜಿಯರ್ ಮತ್ತು ಮೊಗಡೋರ್ ಬಂದರುಗಳಿಗೆ ತಂದು ಸುರಿದರು. ಮೊಗಡೋರ್ ಅಂದರೆ ಇವತ್ತಿನ ಎಸ್ಸಾವಿರಾ. ಬೆಲೆ ಇಳಿಯಿತು, ರೂಢಿ ಬೆಳೆಯಿತು. ಬಹಳ ಕಾಲ ಕೆಟಲ್‌ಗಳು ಕೂಡ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಿಂದ ಬರುತ್ತಿದ್ದವು.

ಹಳೆಯದು ಪುದೀನ. ಚಹಾ ಎಲೆ ಬರುವ ಮೊದಲೇ ಪುದೀನ ಮತ್ತು ಬೇರೆ ಸೊಪ್ಪುಗಳನ್ನು ಕುದಿಸಿ ಕುಡಿಯುತ್ತಿದ್ದರು. ನಮ್ಮ ಕಷಾಯದ ಹಾಗೆ.

ಬೆಂಗಳೂರು ಬಾಲ್ಕನಿ
ಧನ್ಯವಾದ ಮೇಷ್ಟ್ರೇ. ಆದರೆ ನೂರೆಪ್ಪತ್ತು ವರ್ಷದಲ್ಲಿ ಒಂದು ದೇಶದ ಗುರುತೇ ಆಗಿಬಿಡುತ್ತದೆ ಅಂದರೆ ನಂಬುವುದು ಕಷ್ಟ.

ಚರಿತ್ರೆ ಮೇಷ್ಟ್ರು
ಯಾಕೆ ಕಷ್ಟ? ನಮ್ಮನ್ನೇ ನೋಡಿ. ಹಾಲು ಹಾಕಿದ ಚಹಾ ನಮ್ಮ ಹಳ್ಳಿಗಳಿಗೆ ಬಂದದ್ದು ಇಪ್ಪತ್ತನೇ ಶತಮಾನದಲ್ಲಿ, ಅದೂ ಚಹಾ ಮಾರುವವರು ಊರೂರಲ್ಲಿ ಪ್ರಚಾರ ಮಾಡಿದ ಮೇಲೆ. ಇವತ್ತು ಚಹಾ ಇಲ್ಲದ ಬೆಳಗು ಇದೆಯಾ?

ಸಕ್ಕರೆಯ ಕಥೆ ಮಾತ್ರ ಅಲ್ಲಿ ನಿಜಕ್ಕೂ ಹಳೆಯದು. ಸಾದಿ ವಂಶದ ಸುಲ್ತಾನ ಅಹ್ಮದ್ ಅಲ್ ಮನ್ಸೂರ್ 1578ರಿಂದ 1603ರವರೆಗೆ ಆಳಿದವನು. ಆಗ ಮೊರಾಕ್ಕೊದ ದಕ್ಷಿಣದಲ್ಲಿ ಕಬ್ಬಿನ ಗಾಣಗಳು ಬೇಕಾದಷ್ಟಿದ್ದವು, ಸಕ್ಕರೆ ಯುರೋಪಿಗೆ ಹೋಗುತ್ತಿತ್ತು. ಮರಾಕೇಶ್‌ನಲ್ಲಿ ಅವನು ಕಟ್ಟಿಸಿದ ಬದೀ ಅರಮನೆಗೆ ಇಟಲಿಯ ಅಮೃತಶಿಲೆಯನ್ನು ತೂಕಕ್ಕೆ ತೂಕ ಸಕ್ಕರೆ ಕೊಟ್ಟು ತರಿಸಿದ ಅನ್ನುವ ಮಾತಿದೆ.

ಮಂಡ್ಯದ ಗಾಣ
ಅಮೃತಶಿಲೆಗೆ ಸಕ್ಕರೆ! ಇವತ್ತು ಟನ್ ಕಬ್ಬಿಗೆ ಸಿಗುವ ದುಡ್ಡು ನೋಡಿದರೆ ಆ ಕಾಲದ ರೈತ ಪುಣ್ಯವಂತ.

ಚರಿತ್ರೆ ಮೇಷ್ಟ್ರು
ಹಾಗಂತ ಹೇಳಲಾಗದು. ಆ ಗಾಣಗಳಲ್ಲಿ ದುಡಿದವರಲ್ಲಿ ಗುಲಾಮರೂ ಇದ್ದರು. ಸಿಹಿ ಅರಮನೆಗೆ ಹೋಯಿತು.

ಕುಂದಾಪುರ ಕುಕ್
ಎರಡನೇ ಪ್ರಶ್ನೆಗೆ ಯಾರೂ ಉತ್ತರ ಹೇಳಿಲ್ಲ, ನಾನು ಹೇಳುತ್ತೇನೆ. ದುಬೈಯ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಒಂಬತ್ತು ವರ್ಷ ಇದ್ದೆ. ಚಹಾ ವಿಭಾಗಕ್ಕೆ ಮೊರಾಕ್ಕೊದ ಮೆಕ್ನೆಸ್ ಊರಿನ ಒಬ್ಬರಿದ್ದರು, ಅವರ ಪಕ್ಕ ನಿಂತು ಕಲಿತದ್ದು. ಮೆಕ್ನೆಸ್ ಪುದೀನಕ್ಕೆ ಹೆಸರಾದ ಊರು. ನಮಗೆ ಮೈಸೂರು ವೀಳ್ಯದೆಲೆ ಹೇಗೋ ಹಾಗೆ.

ಅಕ್ಕಾ, ನೀವು ಎಲೆಯನ್ನು ತೊಳೆಯುತ್ತಿಲ್ಲ ಅಂತ ಕಾಣುತ್ತದೆ. ಅದು ಗನ್‌ಪೌಡರ್ ಟೀ. ಸಿಡಿಮದ್ದಿನ ಕಾಳಿನಂತೆ ಸುರುಳಿ ಸುತ್ತಿದ ಎಲೆ. ಆರು ಸಣ್ಣ ಲೋಟದ ಕೆಟಲ್‌ಗೆ ಒಂದು ದೊಡ್ಡ ಚಮಚ ಸಾಕು. ಅದರ ಮೇಲೆ ಕುದಿನೀರು ಒಂದು ಲೋಟ ಹಾಕಿ, ಗಲಗಲ ಕುಲುಕಿ ಚೆಲ್ಲಿಬಿಡಿ. ಆಮೇಲೆ ಹೊಸ ನೀರು ಹಾಕಿ ಸಣ್ಣ ಉರಿಯಲ್ಲಿಡಿ. ಕಾಳು ಬಿಚ್ಚಿ ಎಲೆ ಮೇಲಕ್ಕೆ ಬರುತ್ತದೆ. ಉಕ್ಕಿ ಬರುವಾಗ ಇಳಿಸಿ, ಪುದೀನ ಮತ್ತು ಸಕ್ಕರೆ ಹಾಕಿ. ಪುದೀನ ಹಾಕಿದ ಮೇಲೆ ಕೊತಕೊತ ಕುದಿಸಲೇಬೇಡಿ.

ರಬಾತ್ ರಾಯರು
ಕುಂದಾಪುರದವರೇ, ಒಂದು ತಿದ್ದುಪಡಿ. ಮೊದಲ ನೀರು ಚೆಲ್ಲಬಾರದು! ಅರ್ಧ ಲೋಟ ಕುದಿನೀರು ಹಾಕಿ, ಅಲುಗಾಡಿಸದೆ ಒಂದು ನಿಮಿಷ ಬಿಟ್ಟು, ಅದನ್ನು ಒಂದು ಲೋಟಕ್ಕೆ ಬಗ್ಗಿಸಿ ಪಕ್ಕಕ್ಕಿಡುತ್ತಾರೆ. ಹೊಂಬಣ್ಣದ ತಿಳಿ. ಅದಕ್ಕೆ ಇಲ್ಲಿಯವರು ಚಹಾದ ಆತ್ಮ ಅನ್ನುತ್ತಾರೆ. ಎರಡನೇ ಸಲ ನೀರು ಹಾಕಿ ಜೋರಾಗಿ ಕುಲುಕಿದಾಗ ಬರುತ್ತದಲ್ಲ, ಕದಡಿದ ನೀರು, ಚೆಲ್ಲುವುದು ಅದನ್ನು. ಕಹಿ ಅದರ ಜೊತೆ ಹೋಗುತ್ತದೆ. ಮೂರನೇ ಸಲ ನೀರು ತುಂಬುವಾಗ ಎತ್ತಿಟ್ಟ ಆತ್ಮವನ್ನು ವಾಪಸ್ ಹೊಯ್ಯಬೇಕು.

ಕುಂದಾಪುರ ಕುಕ್
ಹೌದು ರಾಯರೇ, ಮನೆಯಲ್ಲಿ ಹಾಗೇ. ಹೋಟೆಲಿನಲ್ಲಿ ಅಷ್ಟು ಸಮಯ ಇರುತ್ತಿರಲಿಲ್ಲ. ನಾನು ಕಲಿತದ್ದು ಅವಸರದ ಚಹಾ. ನಿಮ್ಮದೇ ಸರಿ.

ಪುದೀನದ ಬಗ್ಗೆ ಇನ್ನೊಂದು ಮಾತು. ಎಲೆ ಬಿಡಿಸಬೇಡಿ, ದಂಟಿನ ಸಮೇತ ಒಂದು ಹಿಡಿ ಕಟ್ಟು. ಕೆಟಲ್ ಒಳಗೆ ತುರುಕಿ ಪೂರ್ತಿ ಮುಳುಗಿಸಬೇಕು. ಮೇಲೆ ತೇಲಿದ ಸೊಪ್ಪು ಕಪ್ಪಾಗಿ ರುಚಿ ಕೆಡುತ್ತದೆ. ಆ ಮೆಕ್ನೆಸ್‌ನವರು ಪ್ರತಿ ಕಟ್ಟನ್ನೂ ಮೂಗಿಗೆ ಹಿಡಿದು, ಅಂಗೈಯಲ್ಲಿ ಒಮ್ಮೆ ತಟ್ಟಿ, ಆಮೇಲೆ ಹಾಕುತ್ತಿದ್ದರು. ಒಂದು ದಿನ ಪೆಟ್ಟಿಗೆಗಟ್ಟಲೆ ಪುದೀನ ವಾಪಸ್ ಕಳಿಸಿದ್ದರು, ಬಾಡಿದ ವಾಸನೆ ಬರುತ್ತಿದೆ ಅಂತ. ನಮಗೆ ಯಾರಿಗೂ ಆ ವಾಸನೆ ಗೊತ್ತಾಗಿರಲಿಲ್ಲ.

ಶಿರಸಿ ಸೀಮೆ
ಅಯ್ಯೋ, ನಾನು ಎಲೆ ಬಿಡಿಸಿ, ಚಹಾದ ಜೊತೆಗೇ ಹತ್ತು ನಿಮಿಷ ಕುದಿಸುತ್ತಿದ್ದೆ! ನಾಳೆಯೇ ಹೀಗೆ ಮಾಡಿ ನೋಡುತ್ತೇನೆ. ಇಬ್ಬರಿಗೂ ಥ್ಯಾಂಕ್ಸ್.

ದಾವಣಗೆರೆ ಮಂಡಕ್ಕಿ
ಈ ಚಹಾವನ್ನು ಲೋಟಕ್ಕೆ ಕೆಟಲ್ ಎತ್ತಿ ಹಿಡಿದು ಅಷ್ಟೆತ್ತರದಿಂದ ಹೊಯ್ಯುವುದು ಯಾಕೆ? ನನಗೆ ಅದು ಬರೀ ಪ್ರದರ್ಶನ ಅನ್ನಿಸುತ್ತದೆ. ಪ್ರವಾಸಿಗರ ಫೋಟೋಕ್ಕೆ.

ಕುಂದಾಪುರ ಕುಕ್
ಪ್ರದರ್ಶನ ಅಲ್ಲ. ನಮ್ಮ ಕಾಫಿಯನ್ನು ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಎತ್ತಿ ಹೊಯ್ಯುವುದು ಯಾಕೆ? ನೊರೆ ಬರಲಿ, ಕುಡಿಯುವ ಬಿಸಿಗೆ ಇಳಿಯಲಿ ಅಂತ. ಅಲ್ಲಿಯೂ ಅದೇ. ಮೇಲೆ ನೊರೆಯ ಪದರ ನಿಲ್ಲಬೇಕು. ಆ ನೊರೆಗೆ ಪೇಟ ಅನ್ನುವ ಅರ್ಥದ ಹೆಸರಿದೆ, ರಝ್ಝಾ. ಪೇಟ ಇಲ್ಲದ ಚಹಾ ಕೊಟ್ಟರೆ ಮಾಡಿದವರಿಗೇ ಅವಮಾನ.

ಚಮಚ ಹಾಕಿ ಕಲಕುವುದೂ ಇಲ್ಲ. ಒಂದು ಲೋಟ ತುಂಬಿಸಿ ವಾಪಸ್ ಕೆಟಲ್‌ಗೆ, ಮತ್ತೆ ತುಂಬಿಸಿ ವಾಪಸ್. ಎರಡು ಮೂರು ಸಲ. ಸಕ್ಕರೆ ಹಾಗೇ ಕರಗಿ ಬೆರೆಯುತ್ತದೆ. ಮಾಡುವವರು ಮೊದಲು ತಾವೇ ಒಂದು ಗುಟುಕು ರುಚಿ ನೋಡಿ, ಸರಿ ಅನ್ನಿಸಿದ ಮೇಲೆಯೇ ನೆಂಟರಿಗೆ ಹೊಯ್ಯುವುದು.

ದಾವಣಗೆರೆ ಮಂಡಕ್ಕಿ
ಕಾಫಿ ಉದಾಹರಣೆ ಒಪ್ಪಿದೆ. ಆದರೂ ಮರಾಕೇಶ್‌ಗೆ ಪ್ರವಾಸ ಹೋದಾಗ ನನಗಾದ ಅನುಭವ ಬೇರೆ. ಹಳೇ ಪೇಟೆಯ ಒಂದು ಕಂಬಳಿ ಅಂಗಡಿಯಲ್ಲಿ "ಬನ್ನಿ, ಚಹಾ ಕುಡಿಯಿರಿ" ಅಂತ ಕೂರಿಸಿದರು. ಮೂವತ್ತು ಕಂಬಳಿ ಬಿಚ್ಚಿ ಹಾಸಿದರು. ಬೇಡ ಅಂತ ಎದ್ದರೆ ಮುಖ ಗಂಟಿಕ್ಕಿ, "ಚಹಾ ಕುಡಿದಿರಲ್ಲ" ಅಂದರು. ಅದು ಆತಿಥ್ಯವಾ?

ರಬಾತ್ ರಾಯರು
ಅದು ಆತಿಥ್ಯ ಅಲ್ಲ, ಆ ಅಂಗಡಿಯವರ ಕೆಟ್ಟ ನಡತೆ. ಚೌಕಾಸಿಯ ನಡುವೆ ಚಹಾ ಕೊಡುವುದು ಪದ್ಧತಿ, ಅದಕ್ಕೆ ಯಾವ ಋಣವೂ ಇಲ್ಲ ಅನ್ನುವುದೂ ಪದ್ಧತಿ. ನನಗೆ ಗೊತ್ತಿರುವ ಒಬ್ಬ ವಯಸ್ಸಾದ ಚರ್ಮದ ವ್ಯಾಪಾರಿ ಇದ್ದಾರೆ. ನಾನು ಏನೂ ಕೊಳ್ಳದಿದ್ದರೂ ಆ ದಾರಿಯಲ್ಲಿ ಹೋದರೆ ಕೂರಿಸದೆ ಬಿಡುವುದಿಲ್ಲ. ಒಬ್ಬರಿಂದ ಇಡೀ ಊರನ್ನು ಅಳೆಯಬೇಡಿ.

ದಾವಣಗೆರೆ ಮಂಡಕ್ಕಿ
ಅಳೆಯುತ್ತಿಲ್ಲ. ನನಗಾದದ್ದು ಹೇಳಿದೆ. ಆ ಚಹಾ ಮಾತ್ರ ಚೆನ್ನಾಗಿತ್ತು.

ಪಣಂಬೂರು ಹಡಗು
ನಾನು ಹಡಗಿನಲ್ಲಿ ಕೆಲಸ ಮಾಡಿದವನು. ನಮ್ಮ ದೇಶದ ಡಿಎಪಿ ಗೊಬ್ಬರಕ್ಕೆ ಬೇಕಾದ ಫಾಸ್ಫಾರಿಕ್ ಆಸಿಡ್ ದೊಡ್ಡ ಪಾಲು ಮೊರಾಕ್ಕೊದಿಂದಲೇ ಬರುತ್ತದೆ, ಹಾಗಾಗಿ ಜೋರ್ಫ್ ಲಸ್ಫರ್ ಬಂದರಿಗೆ ಎಷ್ಟೋ ಸಲ ಹೋಗಿದ್ದೇನೆ. ಬಂದರಿನ ಕೂಲಿಯವರ ಬೆಳಗಿನ ತಿಂಡಿ ಗೊತ್ತಾ? ದುಂಡನೆಯ ರೊಟ್ಟಿ, ಆಲಿವ್ ಎಣ್ಣೆ, ಒಂದು ಲೋಟ ಸಿಹಿ ಅತಾಯ್. ಅಷ್ಟೇ. ಮಧ್ಯಾಹ್ನದವರೆಗೆ ಅದರ ಮೇಲೆಯೇ ದುಡಿಯುತ್ತಾರೆ. ಬಡವರಿಗೆ ಆ ಸಕ್ಕರೆಯೇ ಊಟ ಅನ್ನುವುದನ್ನು ಮರೆಯಬೇಡಿ.

ಇನ್ನೂ ದಕ್ಷಿಣಕ್ಕೆ, ಮಾರಿಟೇನಿಯಾದ ನುವಾಕ್ಷೋಟ್‌ನಲ್ಲಿ ಕುಡಿದದ್ದು ಬೇರೆಯೇ ಥರ. ಮರುಭೂಮಿಯ ಜನರ ಚಹಾ. ಸಣ್ಣ ಕೆಟಲ್, ಕೆಂಡದ ಒಲೆ. ಅದೇ ಎಲೆಯಲ್ಲಿ ಮೂರು ಸುತ್ತು ಮಾಡುತ್ತಾರೆ. ಮೊದಲನೆಯದು ಗಂಟಲು ಹಿಡಿಯುವಷ್ಟು ಕಟು. ಎರಡನೆಯದು ಹದ. ಮೂರನೆಯದು ತೆಳು, ಸಿಹಿ ಜಾಸ್ತಿ. ಮೊದಲ ಲೋಟ ಬದುಕಿನಷ್ಟು ಕಹಿ, ಎರಡನೆಯದು ಪ್ರೀತಿಯಷ್ಟು ಸಿಹಿ, ಮೂರನೆಯದು ಸಾವಿನಷ್ಟು ಮೆತ್ತಗೆ ಅನ್ನುತ್ತಾರೆ. ಊರಿಂದೂರಿಗೆ ಮಾತು ಸ್ವಲ್ಪ ಬದಲಾಗುತ್ತದೆ. ಮೂರೂ ಮುಗಿಯಲು ಎರಡು ಗಂಟೆ ಬೇಕು. ನಡುವೆ ಏಳುವ ಹಾಗಿಲ್ಲ.

ಅವರ ಚಹಾಕ್ಕೆ ಮೂರು ಬೇಕಂತೆ, ಮೂರೂ ಜ ಅಕ್ಷರದ್ದು. ಜಮಾಅ ಅಂದರೆ ಜೊತೆಗೆ ಜನ. ಜರ್ ಅಂದರೆ ನಿಧಾನ. ಜಮರ್ ಅಂದರೆ ಕೆಂಡ. ಎಲೆಯಾಗಲಿ ಸಕ್ಕರೆಯಾಗಲಿ ಆ ಪಟ್ಟಿಯಲ್ಲಿ ಇಲ್ಲ ನೋಡಿ.

ಧಾರವಾಡ ಸಂಪಿಗೆ
ಹಡಗಿನ ಅಣ್ಣಾ, ಈ ಮೂರು ಜ ನಮ್ಮ ಕಟ್ಟೆಯ ಚಹಾಕ್ಕೂ ಒಪ್ಪುತ್ತದೆ. "ಬರ್ರಿ, ಚಾ ಕುಡಿಯೂಣು" ಅಂದರೆ ಯಾರಿಗೂ ಚಹಾದ ಮೇಲೆ ಆಸೆ ಇರುವುದಿಲ್ಲ. ಕೂತು ಮಾತಾಡೋಣ ಅಂತಲೇ ಅರ್ಥ.

ಭಟ್ಕಳ ಬಂದರ್
ನಮ್ಮ ಕರಾವಳಿಯಲ್ಲಿ ಬಿರಿಯಾನಿ ತಿಂದ ಮೇಲೆ ಸುಲೈಮಾನಿ ಕುಡಿಯುತ್ತೇವಲ್ಲ, ಅದೂ ಇದರ ಅಣ್ಣತಮ್ಮನೇ ಇರಬೇಕು. ಹಾಲಿಲ್ಲದ ಚಹಾ, ನಿಂಬೆಹುಳಿ, ಕೆಲವರು ಎರಡು ಎಲೆ ಪುದೀನ ಹಾಕುತ್ತಾರೆ.

ಕುಂದಾಪುರ ಕುಕ್
ನೆಂಟಸ್ತಿಕೆ ಇಲ್ಲ ಭಾಯಿ. ಸುಲೈಮಾನಿಗೆ ಕಪ್ಪು ಚಹಾ, ಇದಕ್ಕೆ ಹಸಿರು ಚಹಾ. ಮೊರಾಕ್ಕೊದವರ ಎದುರು ನಿಂಬೆ ಹಿಂಡಿದರೆ ಬೇಜಾರು ಮಾಡಿಕೊಳ್ಳುತ್ತಾರೆ. ಟುನೀಶಿಯಾದಲ್ಲಿ ಮಾತ್ರ ಪುದೀನ ಚಹಾದ ಮೇಲೆ ಪೈನ್ ಬೀಜ ತೇಲಿಸುತ್ತಾರೆ, ಲಿಬಿಯಾದಲ್ಲಿ ಕಡಲೆಕಾಯಿ ಬೀಜ. ಊರಿಗೊಂದು ಚಂದ.

ಸಸ್ಯ ಮಿತ್ರ
ಪುದೀನದಲ್ಲೂ ಜಾತಿ ಇದೆ, ಅದನ್ನು ಗಮನಿಸಿ. ಈ ಚಹಾಕ್ಕೆ ಬೇಕಾದದ್ದು ಸ್ಪಿಯರ್‌ಮಿಂಟ್, ಅದರ ಪರಿಮಳ ಕಾರ್ವೋನ್ ಅನ್ನುವ ಅಂಶದ್ದು. ಪೆಪ್ಪರ್‌ಮಿಂಟ್‌ನಲ್ಲಿ ಮೆಂಥಾಲ್ ಜಾಸ್ತಿ, ಹಾಕಿದರೆ ಕೆಮ್ಮಿನ ಗುಳಿಗೆಯ ವಾಸನೆ. ನಮ್ಮ ಸಂತೆಯಲ್ಲಿ ಚಟ್ನಿಗೆ ಕೊಳ್ಳುವ ಪುದೀನ ಸಾಮಾನ್ಯವಾಗಿ ಸ್ಪಿಯರ್‌ಮಿಂಟ್ ಜಾತಿಯದೇ. ಧೈರ್ಯವಾಗಿ ಹಾಕಬಹುದು.

ನನಗೆ ತುಂಬಾ ಖುಷಿ ಕೊಟ್ಟ ವಿಷಯ ಇನ್ನೊಂದಿದೆ. ಚಳಿಗಾಲದಲ್ಲಿ ಪುದೀನ ಚೆನ್ನಾಗಿ ಸಿಗದಾಗ ಅವರು ಶೀಬಾ ಅನ್ನುವ ಬೂದು ಬಣ್ಣದ ಕಹಿ ಸೊಪ್ಪು ಹಾಕುತ್ತಾರೆ. ಅದು ನಮ್ಮ ದವನದ ಕುಲದ್ದೇ, ಆರ್ಟಿಮೀಸಿಯಾ. ಮರ್ದದ್ದೂಶ್ ಅಂತ ಇನ್ನೊಂದು ಹಾಕುತ್ತಾರೆ. ಅದು ನಮ್ಮ ಮರುಗ! ನಮ್ಮ ಹೆಣ್ಣುಮಕ್ಕಳು ಮಲ್ಲಿಗೆ ಜೊತೆ ಕಟ್ಟಿ ಮುಡಿಯುವ ಮರುಗವೂ ದವನದ ಈ ಬಳಗವೂ ಅಲ್ಲಿ ಚಹಾದ ಕೆಟಲ್ ಸೇರುತ್ತವೆ. ಶೀಬಾ ಮಾತ್ರ ಒಂದೇ ಒಂದು ಕಡ್ಡಿ ಸಾಕು, ದಿನಾ ಕುಡಿಯುವಂಥದ್ದಲ್ಲ. ಫ್ಲಿಯೋ ಅನ್ನುವ ಕಾಡು ಪುದೀನವನ್ನು ಬಸುರಿಯರು ಮುಟ್ಟಲೇಬಾರದು.

ಧಾರವಾಡ ಸಂಪಿಗೆ
ಮರುಗದ ಚಹಾ! ನಮ್ಮ ಅವ್ವ ಮರುಗ ಮುಡಿದು ಬಂದರೆ ಮನೆಯೆಲ್ಲ ಘಮ ಅನ್ನುತ್ತಿತ್ತು. ಅದನ್ನು ಕುಡಿಯಬಹುದು ಅಂತ ಇವತ್ತು ಗೊತ್ತಾಯಿತು. ಹಿತ್ತಲಲ್ಲಿ ಇದೆ, ನಾಳೆ ಹಾಕಿ ನೋಡುತ್ತೇನೆ.

ಗುಳಿಗೆ ಡಬ್ಬಿ
ನಾನು ಆಸ್ಪತ್ರೆಯಲ್ಲಿ ಆಹಾರ ಸಲಹೆ ಕೊಡುವವಳು. ಎಲ್ಲರೂ ಸಕ್ಕರೆಯ ಮರ್ಯಾದೆ ಬಗ್ಗೆ ಹೇಳಿದಿರಿ, ಸರಿ. ಆದರೆ ಮೊರಾಕ್ಕೊದಲ್ಲಿ ವರ್ಷಕ್ಕೆ ತಲಾ 30 ಕಿಲೋಗೂ ಜಾಸ್ತಿ ಸಕ್ಕರೆ ಖರ್ಚಾಗುತ್ತದೆ, ಅದರಲ್ಲಿ ಚಹಾದ ಪಾಲು ದೊಡ್ಡದು. ದಿನಕ್ಕೆ ನಾಲ್ಕೈದು ಲೋಟ ಕುಡಿಯುವವರಿಗೆ ಇದು ಸಣ್ಣ ವಿಷಯ ಅಲ್ಲ. ಮರ್ಯಾದೆಗೆ ಅಂತ ಕಾಯಿಲೆ ತಂದುಕೊಳ್ಳಿ ಅನ್ನಲು ನನ್ನಿಂದ ಆಗದು. ಶಿರಸಿ ಅಕ್ಕ ಬೇಡ ಅಂದದ್ದೇ ಸರಿ.

ಮತ್ತೆ, ಊಟದ ಜೊತೆಗೇ ಚಹಾ ಕುಡಿದರೆ ಆಹಾರದ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ರಕ್ತ ಕಡಿಮೆ ಇರುವವರು ಒಂದು ಗಂಟೆ ಬಿಟ್ಟು ಕುಡಿಯಿರಿ. ಇದು ನಮ್ಮ ಚಹಾಕ್ಕೂ ಅನ್ವಯ.

ರಬಾತ್ ರಾಯರು
ಬೇಡ ಅನ್ನಬಾರದು ಅಂತ ನಾನು ಹೇಳಲಿಲ್ಲ ತಾಯಿ. ಹೇಳುವ ರೀತಿ ಮುಖ್ಯ ಅಂದೆ. "ಶ್ವಿಯಾ ಸುಕ್ಕರ್" ಅಂದರೆ ಸ್ವಲ್ಪ ಸಕ್ಕರೆ. ಹಾಗೆ ಅಂದಿದ್ದರೆ ಅವರಿಗೂ ಸಮಾಧಾನ.

ಗುಳಿಗೆ ಡಬ್ಬಿ
ಸ್ವಲ್ಪ ಅಂದರೆ ಅವರ ಲೆಕ್ಕದಲ್ಲಿ ಎಷ್ಟು? ನನ್ನ ಅತ್ತೆಯೂ "ಸ್ವಲ್ಪವೇ ಹಾಕಿದ್ದೇನೆ" ಅಂತ ಮೂರು ಚಮಚ ಹಾಕುತ್ತಾರೆ. ಪ್ರೀತಿಯ ಕೈ ಯಾವತ್ತೂ ಅಳತೆ ತಪ್ಪುತ್ತದೆ.

ಹುಬ್ಬಳ್ಳಿ ಚಾದಂಗಡಿ
ಇದು ಖರೆ ಮಾತು.

ಶಿರಸಿ ಸೀಮೆ
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಎದುರು ಮನೆಗೆ ಹೋಗಿ ಬಂದೆ. ನಡೆದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ರಾಯರು ಹೇಳಿದ್ದು ಕೇಳಿ ಬೆಳಿಗ್ಗೆಯೇ ಒಂದು ಸಕ್ಕರೆ ಗೋಪುರ ಕೊಂಡೆ. ಮಗುವನ್ನು ಎತ್ತಿಕೊಂಡ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡು ಹೋದೆ. ಬಾಗಿಲು ತೆಗೆದ ಅಜ್ಜಿ ಅದನ್ನು ನೋಡಿ ಮೊದಲು ನನ್ನ ಕೆನ್ನೆ ಹಿಡಿದರು, ಆಮೇಲೆ ಕಣ್ಣು ಒರೆಸಿಕೊಂಡರು. ಅಜ್ಜಿಗೆ ಫ್ರೆಂಚ್ ಬರುವುದಿಲ್ಲ, ನನ್ನ ಅರಬಿ ಅಷ್ಟಕ್ಕಷ್ಟೆ. ಮಗನೇ ನಡುವೆ ಕೂತು ಮಾತು ದಾಟಿಸಿದರು. ಶುಕ್ರವಾರ ಬೇಜಾರು ಮಾಡಿದೆನಾ ಅಂತ ಕೇಳಿದೆ.

ಅಜ್ಜಿಗೆ ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆಯಂತೆ. ಡಾಕ್ಟರ್ ಚಹಾಕ್ಕೆ ಸಕ್ಕರೆ ಬಿಡಿ ಅಂತ ಎಷ್ಟೋ ಸಲ ಹೇಳಿದ್ದಾರೆ. ಅಜ್ಜಿ ಕೇಳುವುದಿಲ್ಲ. ನಾವು ಬರುವ ಸ್ವಲ್ಪ ಮೊದಲು ತಾಯಿ ಮಗನಿಗೆ ಇದೇ ವಿಷಯಕ್ಕೆ ಜಗಳ ಆಗಿತ್ತಂತೆ. "ನೆಂಟರು ಬರುವ ದಿನ ಸಪ್ಪೆ ಚಹಾ ಮಾಡಿ ನನ್ನ ಮಾನ ಕಳೆಯಬೇಡ" ಅಂತ ಅಜ್ಜಿ ಹಟ ಹಿಡಿದಿದ್ದರು. ಅಷ್ಟರಲ್ಲಿ ನೆಂಟಳಾದ ನಾನೇ "ಬ್ಲಾ ಸುಕ್ಕರ್" ಅಂದೆ. ಮಗ ತಾಯಿಯ ಮುಖ ನೋಡಿದ್ದು ಅದಕ್ಕೆ. ಅಜ್ಜಿ ತಲೆ ತಗ್ಗಿಸಿದ್ದೂ ಅದಕ್ಕೇ. ನನ್ನ ಮೇಲೆ ಯಾವ ಬೇಜಾರೂ ಇರಲಿಲ್ಲ.

ಇವತ್ತು ಮಗ ಚಹಾ ಮಾಡಿದರು. ಸಕ್ಕರೆ ಹಾಕುವ ಮೊದಲು ಎರಡು ಲೋಟ ತುಂಬಿಸಿ ಪಕ್ಕಕ್ಕಿಟ್ಟರು. ಒಂದು ನನಗೆ. ಇನ್ನೊಂದನ್ನು ಅಜ್ಜಿಯ ಮುಂದಿಟ್ಟರು. ಅಜ್ಜಿ ಅದನ್ನು ನೋಡುತ್ತಾ ಕೂತರು. ನಾನು "ಬಿಸ್ಮಿಲ್ಲಾ" ಅಂತ ಅವರು ಹೇಳುವ ಹಾಗೇ ಹೇಳಿ ಕುಡಿದೆ. ಅವರೂ ಒಂದು ಗುಟುಕು ಕುಡಿದರು. ಮುಖ ಹಿಂಡಿದರು. ಆದರೆ ಲೋಟ ಖಾಲಿ ಮಾಡಿದರು.

ಗುಳಿಗೆ ಡಬ್ಬಿ
ಅಕ್ಕಾ, ಓದಿ ಕಣ್ಣು ತುಂಬಿ ಬಂತು. ಒಬ್ಬರೇ ಬಿಡುವುದು ತುಂಬಾ ಕಷ್ಟ. ಜೊತೆಗೆ ಒಬ್ಬರು ಸಪ್ಪೆ ಕುಡಿದರೆ ಆಗುತ್ತದೆ. ವಾರಕ್ಕೊಂದು ಸಲ ಹೋಗುತ್ತಿರಿ.

ರಬಾತ್ ರಾಯರು
ನಾನು ಊಹಿಸಿದ್ದು ತಪ್ಪಾಯಿತು. ಹನ್ನೆರಡು ವರ್ಷ ಇದ್ದೇನೆ ಅಂತ ಹೇಳಿ ಅವರ ಮನಸ್ಸಿನಲ್ಲಿ ಏನಿತ್ತು ಅಂತ ತೀರ್ಮಾನ ಮಾಡಿಬಿಟ್ಟೆ. ಕ್ಷಮೆ ಇರಲಿ. ಕೇಳಿದ್ದು ಒಳ್ಳೆಯದಾಯಿತು.

ಆ ಸಕ್ಕರೆ ಗೋಪುರ ಏನಾಯಿತು?

ಶಿರಸಿ ಸೀಮೆ
ಕ್ಷಮೆ ಯಾಕೆ ರಾಯರೇ, ನಿಮ್ಮ ಮಾತು ಕೇಳಿಯೇ ಅದನ್ನು ಕೊಂಡದ್ದು. ಅಜ್ಜಿ ಅದನ್ನು ಕಾಗದ ಬಿಚ್ಚದೆ ಗಾಜಿನ ಕಪಾಟಿನಲ್ಲಿ ಇಟ್ಟಿದ್ದಾರೆ. ಮೊಮ್ಮಗಳ ನಿಶ್ಚಿತಾರ್ಥಕ್ಕೆ ಬೇಕಂತೆ.

ನನಗೆ ನಮ್ಮ ಆಯಿ ನೆನಪಾದರು. ನಮ್ಮ ಕಡೆ ಯಾರೇ ಬರಲಿ, ಮೊದಲು "ಆಸರಿಗೆ ಏನು ಬೇಕು" ಅಂತ ಕೇಳಿ ಬೆಲ್ಲ, ನೀರು ಕೊಡುವುದು. ಬೆಲ್ಲದ ಚೂರು ಬಾಯಿಗೆ ಹಾಕದೆ ಬರೀ ನೀರು ಕುಡಿದರೆ ಆಯಿಗೆ ಸಮಾಧಾನ ಇರುತ್ತಿರಲಿಲ್ಲ.

ಹುಬ್ಬಳ್ಳಿ ಚಾದಂಗಡಿ
ಅಕ್ಕಾರ, ನಮ್ಮ ಅಂಗಡಿಯಲ್ಲೂ ಒಂದು ದಿನ ಮಾಡಬೇಕು ಅನ್ನಿಸಿದೆ. ಗನ್‌ಪೌಡರ್ ಎಲೆ ಹುಬ್ಬಳ್ಳಿಯಲ್ಲಿ ಸಿಗುತ್ತದಾ? ಬೇರೆ ಗ್ರೀನ್ ಟೀ ಆಗುತ್ತದಾ?

ಕುಂದಾಪುರ ಕುಕ್
ಆನ್‌ಲೈನ್‌ನಲ್ಲಿ ತರಿಸಬಹುದು. ದುಬೈಯಿಂದ ಬರುವ ಪರಿಚಯದವರಿಗೆ ಹೇಳಿದರೂ ಆಗುತ್ತದೆ. ಚೀನಾದ ಗ್ರೀನ್ ಟೀಯನ್ನು ಅತಿ ಹೆಚ್ಚು ಕೊಳ್ಳುವ ದೇಶವೇ ಮೊರಾಕ್ಕೊ, ಅವರು ಪಟ್ಟು ಹಿಡಿದು ಈ ಎಲೆಯನ್ನೇ ಕೇಳುವುದು ಸುಮ್ನೆ ಅಲ್ಲ. ಪುಡಿ ತುಂಬಿದ ಚೀಲದ ಗ್ರೀನ್ ಟೀ ಬೇಡ, ಬೇಗ ಕಹಿ ಬಿಡುತ್ತದೆ. ಸಕ್ಕರೆ ಗೋಪುರ ಸಿಗದಿದ್ದರೆ ಕಲ್ಲುಸಕ್ಕರೆ ಹಾಕಿ, ಚೆನ್ನಾಗಿ ಹೊಂದುತ್ತದೆ.

ಸಸ್ಯ ಮಿತ್ರ
ಪುದೀನ ಮಾತ್ರ ದಿನಾ ಕೊಳ್ಳಬೇಡಿ. ಸಂತೆಯಿಂದ ತಂದ ಕಟ್ಟಿನಲ್ಲಿ ಗಟ್ಟಿ ದಂಟು ನಾಲ್ಕು ಆರಿಸಿ ನೀರಿನ ಲೋಟದಲ್ಲಿ ನಿಲ್ಲಿಸಿ. ವಾರದಲ್ಲಿ ಬಿಳಿ ಬೇರು ಬರುತ್ತದೆ. ಅಗಲ ಬಾಯಿಯ ಕುಂಡಕ್ಕೆ ನೆಟ್ಟು ಅರೆನೆರಳಿನಲ್ಲಿಡಿ. ನೆಲಕ್ಕೆ ನೆಟ್ಟರೆ ಅಂಗಳವೆಲ್ಲ ಅದೇ ಆಗುತ್ತದೆ.

ಹುಬ್ಬಳ್ಳಿ ಚಾದಂಗಡಿ
ನೀರಿಗೆ ಹಾಕಿ ಆಯಿತು. ಬೇರು ಬಂದ ಮೇಲೆ ಹೇಳುತ್ತೇನೆ.